ಆಫರ್ ಒಪ್ಪಿದ ಮೇಲೂ ಮನೆ ‘ಆಕ್ಟಿವ್’ ಅಂತಲೇ ಇದೆಯಾ? ಅಮೆರಿಕದಲ್ಲಿ ಮನೆ ಕೊಳ್ಳುವ ಕನ್ನಡಿಗರಿಗೆ ಲಿಸ್ಟಿಂಗ್ ಸ್ಟೇಟಸ್ ಮಾರ್ಗದರ್ಶಿ

ಸೆಲ್ಲರ್ ನಿಮ್ಮ ಆಫರ್ ಒಪ್ಪಿದ್ದಾರೆ. ಏಜೆಂಟ್ ಫೋನ್ ಮಾಡಿ ಹೇಳಿದ್ದೂ ಆಯಿತು, ನೀವು ಊರಿಗೆ ಫೋನ್ ಮಾಡಿ ಅಪ್ಪ ಅಮ್ಮನಿಗೆ ಹೇಳಿದ್ದೂ ಆಯಿತು. ರಾತ್ರಿ ಸುಮ್ನೆ ಮನೆ ಹುಡುಕುವ ವೆಬ್‌ಸೈಟ್ ಝಿಲ್ಲೋ ತೆಗೆದು ನೋಡಿದರೆ ಅದೇ ಮನೆ ‘ಫಾರ್ ಸೇಲ್’ ಅಂತಲೇ ಇದೆ. ಭಾನುವಾರ ಓಪನ್ ಹೌಸ್ (ಯಾರು ಬೇಕಾದರೂ ಬಂದು ಮನೆ ನೋಡುವ ಅವಕಾಶ) ಬೇರೆ ಇದೆಯಂತೆ! ನಮಗೆ ಮೋಸ ಆಯಿತಾ ಅನ್ನುವ ಕಸಿವಿಸಿ ಶುರುವಾಗುತ್ತದೆ.

ಬಹಳಷ್ಟು ಸಲ ಮೋಸ ಏನೂ ಆಗಿರುವುದಿಲ್ಲ. ವೆಬ್‌ಸೈಟಿನಲ್ಲಿ ಕಾಣುವ ಪದ, ಅಂದರೆ ಲಿಸ್ಟಿಂಗ್ ಸ್ಟೇಟಸ್, ನಿಮ್ಮ ಹಕ್ಕನ್ನು ತೀರ್ಮಾನಿಸುವುದಿಲ್ಲ. ಅದನ್ನು ತೀರ್ಮಾನಿಸುವುದು ನೀವೂ ಸೆಲ್ಲರೂ ಸಹಿ ಹಾಕಿದ ಕಾಂಟ್ರಾಕ್ಟ್. ಹಾಗಂತ ಆ ಪದವನ್ನು ಪೂರ್ತಿ ಕಡೆಗಣಿಸುವ ಹಾಗೂ ಇಲ್ಲ. ನಿಮ್ಮ ಡೀಲ್ ಎಷ್ಟು ಗಟ್ಟಿ ಎಂದು ಸೆಲ್ಲರ್ ಕಡೆಯವರು ಅಂದುಕೊಂಡಿದ್ದಾರೆ ಎನ್ನುವ ಸುಳಿವು ಅದರಲ್ಲಿರುತ್ತದೆ. ಅದನ್ನು ಓದುವುದು ಹೇಗೆ, ಯಾವಾಗ ಚಿಂತೆ ಮಾಡಬೇಕು, ಯಾವಾಗ ಆರಾಮಾಗಿ ನಿದ್ದೆ ಮಾಡಬಹುದು, ನೋಡೋಣ.

ಮೊದಲು: ಆ ಪದ ಬರೆಯುವವರು ಯಾರು?

ಬೆಂಗಳೂರಿನಲ್ಲಿ ಸೈಟು ಮಾರಿಹೋದ ಮೇಲೂ ಜಾಹೀರಾತು ತಿಂಗಳುಗಟ್ಟಲೆ ಆನ್‌ಲೈನಿನಲ್ಲಿ ಹಾಗೇ ಬಿದ್ದಿರುತ್ತದೆ, ಕೇಳುವವರಿಲ್ಲ. ಅಮೆರಿಕದಲ್ಲಿ ಇದಕ್ಕೊಂದು ವ್ಯವಸ್ಥೆ ಇದೆ. ಏಜೆಂಟರು ಮಾರಾಟದ ಮನೆಗಳನ್ನು ಎಂಎಲ್‌ಎಸ್ (ಮಲ್ಟಿಪಲ್ ಲಿಸ್ಟಿಂಗ್ ಸರ್ವಿಸ್) ಎಂಬ ಡೇಟಾಬೇಸಿಗೆ ಹಾಕುತ್ತಾರೆ. ಇದು ದೇಶಕ್ಕೆಲ್ಲ ಒಂದೇ ಅಲ್ಲ. ಇಂಥವು ನೂರಾರು ಇವೆ. ಸಿಲಿಕಾನ್ ವ್ಯಾಲಿಯಲ್ಲಿ ಎಂಎಲ್‌ಎಸ್‌ಲಿಸ್ಟಿಂಗ್ಸ್, ಡಲ್ಲಾಸ್ ಸುತ್ತ ಎನ್‌ಟಿಆರ್‌ಇಐಎಸ್, ಹ್ಯೂಸ್ಟನ್‌ನಲ್ಲಿ ಎಚ್‌ಎಆರ್, ಸಿಯಾಟಲ್ ಕಡೆ ನಾರ್ತ್‌ವೆಸ್ಟ್ ಎಂಎಲ್‌ಎಸ್, ವರ್ಜೀನಿಯಾ ಮತ್ತು ಮೇರಿಲ್ಯಾಂಡ್ ಕಡೆ ಬ್ರೈಟ್. ಒಂದೊಂದಕ್ಕೂ ಅದರದೇ ನಿಯಮ, ಅದರದೇ ಸ್ಟೇಟಸ್ ಹೆಸರುಗಳು.

ಸ್ಟೇಟಸ್ ಬದಲಾಯಿಸುವುದು ಸೆಲ್ಲರ್ ಪರ ಇರುವ ಲಿಸ್ಟಿಂಗ್ ಏಜೆಂಟಿನ ಕೆಲಸ. ನಿಮ್ಮ ಏಜೆಂಟಿಗೆ ಆ ಅಧಿಕಾರ ಇಲ್ಲ. ಆಫರ್ ಒಪ್ಪಿದ ಮೇಲೆ ಇಷ್ಟು ಹೊತ್ತಿನೊಳಗೆ ಅಪ್‌ಡೇಟ್ ಮಾಡಬೇಕು ಎಂದು ಎಂಎಲ್‌ಎಸ್‌ಗಳು ಗಡುವು ಇಟ್ಟಿರುತ್ತವೆ. ತಡ ಮಾಡಿದವರಿಗೆ ದಂಡವೂ ಬೀಳಬಹುದು. ಗಡುವು ಎಲ್ಲ ಕಡೆ ಒಂದೇ ಇಲ್ಲ. ಶುಕ್ರವಾರ ಸಂಜೆ ಸಹಿಯಾದ ಕಾಂಟ್ರಾಕ್ಟ್ ವಾರಾಂತ್ಯ ಕಳೆದ ಮೇಲೆ ಪರದೆಯ ಮೇಲೆ ಕಾಣಿಸಿಕೊಂಡರೆ ಆಶ್ಚರ್ಯ ಇಲ್ಲ.

ಝಿಲ್ಲೋ, ರೆಡ್‌ಫಿನ್, ರಿಯಲ್ಟರ್ ಡಾಟ್ ಕಾಮ್ ಇವೆಲ್ಲ ಎಂಎಲ್‌ಎಸ್‌ನಿಂದ ಮಾಹಿತಿ ತೆಗೆದುಕೊಂಡು ತಮ್ಮ ಪದಗಳಲ್ಲಿ ತೋರಿಸುತ್ತವೆ. ಅದಕ್ಕೇ ಒಂದೇ ಮನೆ ಒಂದು ಕಡೆ ‘ಕಾಂಟಿಂಜೆಂಟ್’, ಇನ್ನೊಂದು ಕಡೆ ‘ಅಂಡರ್ ಕಾಂಟ್ರಾಕ್ಟ್’ ಅಂತ ಕಾಣಬಹುದು. ಮೂರು ಆ್ಯಪ್ ತೆಗೆದು ಹೋಲಿಸುತ್ತಾ ಕೂರುವುದರಿಂದ ತಲೆನೋವು ಬಿಟ್ಟರೆ ಬೇರೇನೂ ಸಿಗುವುದಿಲ್ಲ. ‘ಎಂಎಲ್‌ಎಸ್‌ನಲ್ಲಿ ಈಗ ಏನಿದೆ, ಶೀಟ್ ಕಳಿಸಿ’ ಎಂದು ನಿಮ್ಮ ಏಜೆಂಟನ್ನು ಕೇಳಿ. ಅವರಿಗೆ ಅದು ಒಂದು ನಿಮಿಷದ ಕೆಲಸ.

ಹಂತ 1: ‘ಒಪ್ಪಿದ್ದಾರೆ’ ಅಂದರೆ ನಿಜಕ್ಕೂ ಏನಾಗಿದೆ ಎಂದು ಖಚಿತ ಮಾಡಿಕೊಳ್ಳಿ

ಸ್ಟೇಟಸ್ ನೋಡುವ ಮೊದಲು ಇದನ್ನು ಕೇಳಬೇಕು. ಎರಡೂ ಕಡೆಯವರ ಸಹಿ ಬಿದ್ದಿದೆಯಾ? ಸಹಿಯಾದ ಪ್ರತಿ ನಿಮ್ಮ ಕಡೆಗೆ ತಲುಪಿದೆಯಾ? ಬರೀ ಫೋನಿನಲ್ಲಿ ‘ಸೆಲ್ಲರ್ ಯೆಸ್ ಅಂದರು’ ಎಂದಿದ್ದರೆ ಅದು ಒಪ್ಪಂದ ಅಲ್ಲ. ಅಮೆರಿಕದಲ್ಲಿ ಮನೆ ಮಾರಾಟದ ಒಪ್ಪಂದ ಬರಹದಲ್ಲಿರಬೇಕು.

ಇಲ್ಲಿ ರಾಜ್ಯದಿಂದ ರಾಜ್ಯಕ್ಕೆ ಭಾರಿ ವ್ಯತ್ಯಾಸ ಇದೆ. ನ್ಯೂಯಾರ್ಕ್ ನಗರದ ಸುತ್ತಮುತ್ತ ಆಫರ್ ಒಪ್ಪುವುದು ಮೊದಲ ಹೆಜ್ಜೆ ಅಷ್ಟೇ. ಆಮೇಲೆ ವಕೀಲರು ಕಾಂಟ್ರಾಕ್ಟ್ ತಯಾರಿಸಿ, ಎರಡೂ ಕಡೆ ಸಹಿಯಾಗುವವರೆಗೆ ಯಾರಿಗೂ ಕಟ್ಟುಪಾಡಿಲ್ಲ. ಸಹಿ ಮಾಡುವಾಗ ಶೇ. 10ರಷ್ಟು ಡೆಪಾಸಿಟ್ ಕೊಡುವುದು ಅಲ್ಲಿನ ರೂಢಿ. ಅಲ್ಲಿಯವರೆಗೆ ಮನೆ ಆಕ್ಟಿವ್ ಆಗಿ ಉಳಿದರೆ ಯಾರನ್ನೂ ದೂರುವ ಹಾಗಿಲ್ಲ.

ನ್ಯೂಜೆರ್ಸಿಯಲ್ಲಿ ಏಜೆಂಟರು ತಯಾರಿಸಿದ ಕಾಂಟ್ರಾಕ್ಟಿಗೆ ಸಹಿಯಾದ ಮೇಲೂ 3 ಕೆಲಸದ ದಿನಗಳ ಅಟಾರ್ನಿ ರಿವ್ಯೂ ಇರುತ್ತದೆ. ಶನಿವಾರ, ಭಾನುವಾರ, ಸರಕಾರಿ ರಜೆ ಲೆಕ್ಕಕ್ಕಿಲ್ಲ. ಈ ಅವಧಿಯಲ್ಲಿ ಯಾರ ವಕೀಲರು ಬೇಕಾದರೂ ಒಪ್ಪಂದ ಬೇಡ ಎನ್ನಬಹುದು. ತಿದ್ದುಪಡಿಗಳ ಚರ್ಚೆ ಶುರುವಾದರೆ 3 ದಿನ ಅನ್ನುವುದು ವಾರ ದಾಟುವುದೂ ಉಂಟು. ಎಡಿಸನ್ ಕಡೆ ಮನೆ ನೋಡುತ್ತಿರುವವರೇ, ಆಫರ್ ಹಾಕುವ ಮೊದಲೇ ವಕೀಲರನ್ನು ಗೊತ್ತು ಮಾಡಿಟ್ಟುಕೊಳ್ಳಿ. ಆ 3 ದಿನ ವಕೀಲರನ್ನು ಹುಡುಕುವುದರಲ್ಲೇ ಕಳೆದರೆ, ಅಷ್ಟರಲ್ಲಿ ಜಾಸ್ತಿ ದುಡ್ಡಿನ ಆಫರ್ ಬಂದು ಸೆಲ್ಲರ್ ಅತ್ತ ತಿರುಗಬಹುದು. ಇಲ್ಲಿ ‘ಆಕ್ಟಿವ್’ ಅನ್ನುವ ಪದ ನಿಜಕ್ಕೂ ಎಚ್ಚರಿಕೆಯೇ.

ಕ್ಯಾಲಿಫೋರ್ನಿಯಾ, ಟೆಕ್ಸಾಸ್, ವಾಷಿಂಗ್ಟನ್ ರಾಜ್ಯಗಳಲ್ಲಿ ಹಾಗಲ್ಲ. ಸಾಮಾನ್ಯವಾಗಿ ಏಜೆಂಟರೇ ಸಿದ್ಧ ಫಾರಂ ತುಂಬುತ್ತಾರೆ. ಎರಡೂ ಸಹಿ ಬಿದ್ದು, ಒಪ್ಪಿಗೆ ತಲುಪಿದರೆ ಕಾಂಟ್ರಾಕ್ಟ್ ಆಯಿತು. ನಾಳೆ ಇನ್ನೊಬ್ಬರು 50,000 ಡಾಲರ್ ಜಾಸ್ತಿ ಕೊಡುತ್ತೇನೆ ಅಂದರೂ, ಆ ಕಾರಣಕ್ಕೇ ಸೆಲ್ಲರ್ ನಿಮ್ಮನ್ನು ಕೈಬಿಡುವಂತಿಲ್ಲ. ಪರದೆಯ ಮೇಲೆ ಏನೇ ಇರಲಿ.

ಹಂತ 2: ನಿಮ್ಮ ಊರಿನ ಪದಕ್ಕೆ ಅರ್ಥ ತಿಳಿಯಿರಿ

ಮೂಲದಲ್ಲಿ ಇರುವುದು ಎರಡೇ ವಿಚಾರ. ಆಫರ್ ಒಪ್ಪಿ ಆಗಿದೆ, ಆದರೂ ಮನೆ ತೋರಿಸುತ್ತೇವೆ, ಬ್ಯಾಕಪ್ ಆಫರ್ (ಮೊದಲ ಡೀಲ್ ಬಿದ್ದುಹೋದರೆ ಅಂತ ಕಾಯುವ ಎರಡನೇ ಆಫರ್) ಬಂದರೆ ನೋಡುತ್ತೇವೆ ಎನ್ನುವುದು ಒಂದು. ಎಂಎಲ್‌ಎಸ್‌ಗಳ ಡೇಟಾಗೆ ಸಮಾನ ರೂಪ ಕೊಡುವ ಆರ್‌ಇಎಸ್‌ಒ ಸಂಸ್ಥೆ ಇದನ್ನು ‘ಆಕ್ಟಿವ್ ಅಂಡರ್ ಕಾಂಟ್ರಾಕ್ಟ್’ ಎಂದು ಕರೆಯುತ್ತದೆ. ಆಫರ್ ಒಪ್ಪಿ ಆಗಿದೆ, ಮನೆ ಇನ್ನು ಮಾರುಕಟ್ಟೆಯಲ್ಲಿಲ್ಲ ಎನ್ನುವುದು ಎರಡನೆಯದು. ಅದು ‘ಪೆಂಡಿಂಗ್’. ಉಳಿದ ಹೆಸರುಗಳೆಲ್ಲ ಇವೆರಡರ ಸ್ಥಳೀಯ ರೂಪಗಳು.

ಸಿಲಿಕಾನ್ ವ್ಯಾಲಿಯಲ್ಲಿ ‘ಕಾಂಟಿಂಜೆಂಟ್’ ಅಂದರೆ ಖರೀದಿದಾರರ ಷರತ್ತುಗಳು ಇನ್ನೂ ಬಾಕಿ ಇವೆ ಎಂದು. ಅವು ಮುಗಿದ ಮೇಲೆ ಪೆಂಡಿಂಗ್. ಸ್ಪರ್ಧೆ ಬಿಸಿಯಾಗಿರುವಾಗ ಅಲ್ಲಿ ತುಂಬಾ ಜನ ಷರತ್ತೇ ಇಲ್ಲದ ಆಫರ್ ಹಾಕುತ್ತಾರೆ. ಸೆಲ್ಲರೇ ಮೊದಲು ಇನ್ಸ್‌ಪೆಕ್ಷನ್ ಮಾಡಿಸಿ ರಿಪೋರ್ಟುಗಳನ್ನು ಹಂಚಿರುತ್ತಾರೆ. ಅಂಥ ಮನೆ ಆಕ್ಟಿವ್‌ನಿಂದ ನೇರ ಪೆಂಡಿಂಗ್‌ಗೆ ಹಾರುತ್ತದೆ.

ಸಿಯಾಟಲ್ ಕಡೆ ಅದೇ ‘ಕಾಂಟಿಂಜೆಂಟ್’ ಪದಕ್ಕೆ ಬೇರೆ ಅರ್ಥ: ಕೊಳ್ಳುವವರ ಹಳೆಯ ಮನೆ ಮಾರಾಟವಾಗುವುದನ್ನು ನಂಬಿಕೊಂಡ ಡೀಲ್ ಅದು. ಇನ್ಸ್‌ಪೆಕ್ಷನ್ ಬಾಕಿ ಇದ್ದರೆ ಅಲ್ಲಿ ‘ಪೆಂಡಿಂಗ್ ಇನ್ಸ್‌ಪೆಕ್ಷನ್’ ಎಂಬ ಬೇರೆಯದೇ ಸ್ಟೇಟಸ್ ಇದೆ. ಸಿಲಿಕಾನ್ ವ್ಯಾಲಿಯ ಸ್ಯಾನ್ ಹೊಸೆಯಿಂದ ಸಿಯಾಟಲ್ ಪಕ್ಕದ ಬೆಲ್ವ್ಯೂಗೆ ವರ್ಗವಾಗಿ ಹೋದವರು ಇಲ್ಲಿ ಸುಲಭವಾಗಿ ಎಡವುತ್ತಾರೆ.

ಡಲ್ಲಾಸ್‌ನಲ್ಲಿ ಹೆಸರುಗಳು ಇನ್ನೂ ನೇರ. ‘ಆಕ್ಟಿವ್ ಆಪ್ಷನ್ ಕಾಂಟ್ರಾಕ್ಟ್’ ಅಂದರೆ ಖರೀದಿದಾರರು ಆಪ್ಷನ್ ಅವಧಿಯಲ್ಲಿದ್ದಾರೆ, ಅಂದರೆ ಕಾರಣ ಹೇಳದೆ ಡೀಲ್ ಬಿಡಬಹುದಾದ ದಿನಗಳಲ್ಲಿ. ‘ಆಕ್ಟಿವ್ ಕಿಕ್ ಔಟ್’ ಅಂದರೆ ಇನ್ನೊಂದು ಒಳ್ಳೆಯ ಆಫರ್ ಬಂದರೆ ಮೊದಲನೆಯವರಿಗೆ ನೋಟಿಸ್ ಕೊಟ್ಟು, ಗಡುವಿನೊಳಗೆ ಷರತ್ತು ಬಿಡದಿದ್ದರೆ ಹೊರಗೆ ಕಳಿಸಬಹುದು. ಹ್ಯೂಸ್ಟನ್‌ನಲ್ಲಿ ‘ಆಪ್ಷನ್ ಪೆಂಡಿಂಗ್’, ‘ಪೆಂಡಿಂಗ್ ಕಂಟಿನ್ಯೂ ಟು ಶೋ’ ಎನ್ನುವವು ಸಿಗುತ್ತವೆ. ಬ್ರೈಟ್‌ನಲ್ಲಿ ಆಕ್ಟಿವ್ ಅಂಡರ್ ಕಾಂಟ್ರಾಕ್ಟ್ ಮತ್ತು ಪೆಂಡಿಂಗ್ ಎರಡೂ ಇವೆ.

ಹಂತ 3: ಸ್ಟೇಟಸ್ ಬಿಡಿ, ತಾರೀಖುಗಳನ್ನು ಬರೆದಿಟ್ಟುಕೊಳ್ಳಿ

ಇಡೀ ಬರಹದಲ್ಲಿ ನೀವು ಒಂದೇ ಹಂತ ಮಾಡುವುದಾದರೆ ಇದನ್ನು ಮಾಡಿ. ಕಾಂಟ್ರಾಕ್ಟ್ ತೆರೆದು ಪ್ರತಿ ಗಡುವನ್ನೂ ಫೋನ್ ಕ್ಯಾಲೆಂಡರಿಗೆ ಹಾಕಿ. ಅರ್ನೆಸ್ಟ್ ಮನಿ (ಮುಂಗಡ ಡೆಪಾಸಿಟ್) ಕಟ್ಟುವ ದಿನ, ಇನ್ಸ್‌ಪೆಕ್ಷನ್ ಮುಗಿಸುವ ದಿನ, ಅಪ್ರೈಸಲ್ (ಲೋನ್‌ಗಾಗಿ ಮನೆಯ ಬೆಲೆ ಕಟ್ಟಿಸುವುದು), ಲೋನ್, ಕ್ಲೋಸಿಂಗ್ (ದುಡ್ಡು ಕೊಟ್ಟು ಮನೆ ನಿಮ್ಮ ಹೆಸರಿಗೆ ಆಗುವುದು). ಮನೆ ಕೈತಪ್ಪುವುದು ಹೆಚ್ಚಾಗಿ ಈ ತಾರೀಖುಗಳಲ್ಲಿ. ಸ್ಟೇಟಸ್‌ನಿಂದ ಯಾರೂ ಮನೆ ಕಳೆದುಕೊಳ್ಳುವುದಿಲ್ಲ.

ಗಡುವು ದಾಟಿದರೆ ಏನಾಗುತ್ತದೆ ಎನ್ನುವುದು ಎರಡು ದೊಡ್ಡ ರಾಜ್ಯಗಳಲ್ಲಿ ತದ್ವಿರುದ್ಧ. ಇದನ್ನು ಸ್ವಲ್ಪ ನಿಧಾನವಾಗಿ ಓದಿ.

ಟೆಕ್ಸಾಸ್‌ನಲ್ಲಿ ಒಂದಿಷ್ಟು ಆಪ್ಷನ್ ಫೀ ಕೊಟ್ಟು, ಮಾತುಕತೆಯಲ್ಲಿ ನಿಗದಿಯಾದಷ್ಟು ದಿನ, ಯಾವ ಕಾರಣವನ್ನೂ ಹೇಳದೆ ಡೀಲ್ ಬಿಡುವ ಹಕ್ಕನ್ನು ಕೊಳ್ಳುತ್ತೀರಿ. ಈ ಫೀ ಮತ್ತು ಅರ್ನೆಸ್ಟ್ ಮನಿ ಎರಡನ್ನೂ ಕಾಂಟ್ರಾಕ್ಟ್ ಜಾರಿಯಾದ 3 ದಿನದೊಳಗೆ ತಲುಪಿಸಬೇಕು. ಕೊನೆಯ ದಿನ ಸಂಜೆ 5 ಗಂಟೆಗೆ, ಮನೆ ಇರುವ ಊರಿನ ಸಮಯಕ್ಕೆ, ಆ ಹಕ್ಕು ತಾನಾಗೇ ಮುಗಿಯುತ್ತದೆ. ಯಾರೂ ನೆನಪಿಸುವುದಿಲ್ಲ. 5:05ಕ್ಕೆ ‘ಫೌಂಡೇಶನ್ ಸರಿಯಿಲ್ಲ, ಬೇಡ’ ಅಂದರೆ ಅರ್ನೆಸ್ಟ್ ಮನಿ ಅಪಾಯದಲ್ಲಿ. ಲೋನ್ ಸಿಗಲಿಲ್ಲ ಎಂದು ಬರೆದು ತಿಳಿಸುವುದಕ್ಕೆ ಬೇರೆಯದೇ ಗಡುವು ಇರುತ್ತದೆ. ಅದೂ ಹಾಗೇ ಸದ್ದಿಲ್ಲದೆ ಮುಗಿಯುತ್ತದೆ.

ಕ್ಯಾಲಿಫೋರ್ನಿಯಾದ ಸಾಮಾನ್ಯ ಫಾರಂನಲ್ಲಿ ತಲೆಕೆಳಗು. ಇನ್ಸ್‌ಪೆಕ್ಷನ್, ಅಪ್ರೈಸಲ್, ಲೋನ್ ಷರತ್ತುಗಳಿಗೆ ಫಾರಂನಲ್ಲೇ ಇರುವ ಅವಧಿ 17 ದಿನ. ಬಹಳ ಜನ ಇದನ್ನು ಕಮ್ಮಿ ಮಾಡಿ ಆಫರ್ ಹಾಕುತ್ತಾರೆ. ಆದರೆ ಆ ದಿನ ದಾಟಿತು ಎಂದ ಮಾತ್ರಕ್ಕೆ ಷರತ್ತು ಹೋಗುವುದಿಲ್ಲ. ನೀವು ಬರೆದು, ಸಹಿ ಹಾಕಿ ತೆಗೆಯಬೇಕು. ತೆಗೆಯದಿದ್ದರೆ ಸೆಲ್ಲರ್ ನಿಮಗೆ ‘ನೋಟಿಸ್ ಟು ಬಯರ್ ಟು ಪರ್ಫಾರ್ಮ್’ ಕಳಿಸಿ 2 ದಿನ ಕೊಡುತ್ತಾರೆ. ಆಗಲೂ ಸುಮ್ಮನಿದ್ದರೆ ಅವರು ಡೀಲ್ ರದ್ದು ಮಾಡಬಹುದು. ಷರತ್ತು ತೆಗೆದ ಮೇಲೆ ನೀವು ಹಿಂದೆ ಸರಿದರೆ, ಕಾಂಟ್ರಾಕ್ಟಿನಲ್ಲಿ ಡೆಪಾಸಿಟ್ ಬಿಟ್ಟುಕೊಡುವ ಕಲಮಿಗೆ (ಲಿಕ್ವಿಡೇಟೆಡ್ ಡ್ಯಾಮೇಜಸ್) ಸಹಿ ಹಾಕಿದ್ದರೆ, ನೀವು ವಾಸಕ್ಕೆ ಕೊಳ್ಳುತ್ತಿದ್ದ ಮನೆಯ ಬೆಲೆಯ ಶೇ. 3ರವರೆಗಿನ ಡೆಪಾಸಿಟ್ ಸೆಲ್ಲರ್ ಪಾಲಾಗಬಹುದು. 15 ಲಕ್ಷ ಡಾಲರ್ ಮನೆಗೆ ಅದು 45,000 ಡಾಲರ್. ಆ ಸಹಿಯನ್ನು ಆಫೀಸ್ ಮೀಟಿಂಗ್ ನಡುವೆ ಫೋನಿನಲ್ಲಿ ಒತ್ತಿ ಮುಗಿಸಬೇಡಿ.

ಅಂದರೆ ಕಾಂಟಿಂಜೆಂಟ್‌ನಿಂದ ಪೆಂಡಿಂಗ್‌ಗೆ ಹೋಗುವುದು ಕೊಳ್ಳುವವರಿಗೆ ಪೂರ್ತಿ ಖುಷಿಯ ಸುದ್ದಿ ಏನಲ್ಲ. ಮನೆ ನಿಮಗೆ ಗಟ್ಟಿಯಾಯಿತು, ನಿಮ್ಮ ದುಡ್ಡೂ ಗಟ್ಟಿಯಾಗಿ ಸಿಕ್ಕಿಕೊಂಡಿತು. ಅಪ್ರೈಸಲ್ ಷರತ್ತು ಬಿಟ್ಟು 8 ಲಕ್ಷ ಡಾಲರಿಗೆ ಒಪ್ಪಿಕೊಂಡ ಮನೆಗೆ ಅಪ್ರೈಸಲ್‌ನಲ್ಲಿ 7.7 ಲಕ್ಷ ಬೆಲೆ ಬಂತು ಅಂತಿಟ್ಟುಕೊಳ್ಳಿ. ಬ್ಯಾಂಕ್ ಲೆಕ್ಕ ಹಾಕುವುದು 7.7ರ ಮೇಲೆ. ಆ 30,000 ಡಾಲರ್ ನಿಮ್ಮ ಜೇಬಿನಿಂದ ಬರಬೇಕು.

ಹಂತ 4: ಸ್ಟೇಟಸ್ ಬದಲಾಗದಿದ್ದರೆ ಕೇಳಬೇಕಾದದ್ದು

ಎರಡೂ ಸಹಿ ಆಗಿ ಮೂರ್ನಾಲ್ಕು ದಿನವಾದರೂ ಬರೀ ಆಕ್ಟಿವ್ ಅಂತಿದ್ದರೆ ನಿಮ್ಮ ಏಜೆಂಟಿಗೆ ಹೇಳಿ. ಬಾಯಿಮಾತಲ್ಲಿ ಬೇಡ, ಇಮೇಲ್ ಇರಲಿ. ಈ ರೀತಿ ಬರೆದರೆ ಸಾಕು: ‘ಕಾಂಟ್ರಾಕ್ಟ್ ಇಂಥ ದಿನ ಜಾರಿಯಾಗಿದೆ. ಎಂಎಲ್‌ಎಸ್ ಸ್ಟೇಟಸ್ ಯಾವಾಗ ಬದಲಾಗುತ್ತದೆ ಎಂದು ಲಿಸ್ಟಿಂಗ್ ಏಜೆಂಟನ್ನು ಕೇಳಿ ತಿಳಿಸಿ. ಬ್ಯಾಕಪ್ ಆಫರ್ ತೆಗೆದುಕೊಳ್ಳುತ್ತಿದ್ದಾರಾ?’ ಜಗಳದ ದನಿ ಬೇಡ. ಹೆಚ್ಚಿನ ಸಲ ಉತ್ತರ ‘ಮರೆತಿದ್ದೆ, ಈಗಲೇ ಮಾಡುತ್ತೇನೆ’ ಎಂದೇ ಇರುತ್ತದೆ.

ಸೆಲ್ಲರ್ ಓಪನ್ ಹೌಸ್ ಮುಂದುವರಿಸಿದರೆ ಅದು ಒಪ್ಪಂದ ಮುರಿದ ಹಾಗೇನಲ್ಲ. ಬೇಡವೆಂದಿದ್ದರೆ ಅದನ್ನು ಆಫರ್ ಹಾಕುವಾಗಲೇ ಷರತ್ತಾಗಿ ಬರೆಸಬೇಕಿತ್ತು. ಸೆಲ್ಲರ್ ನಿಮ್ಮ ಲೋನ್ ಬಗ್ಗೆ ಅನುಮಾನದಿಂದ ಬ್ಯಾಕಪ್ ಹುಡುಕುತ್ತಿದ್ದಾರೆ ಅನ್ನಿಸಿದರೆ, ಲೆಂಡರ್‌ನಿಂದ ಲಿಸ್ಟಿಂಗ್ ಏಜೆಂಟಿಗೆ ಒಂದು ಫೋನ್ ಮಾಡಿಸಿ. ಲೋನ್ ಎಲ್ಲಿಗೆ ಬಂದಿದೆ ಎಂದು ಗೊತ್ತಾದರೆ ಎಷ್ಟೋ ಸಲ ಆ ಹುಡುಕಾಟ ಅಲ್ಲೇ ನಿಲ್ಲುತ್ತದೆ.

ನೀವು ಆಚೆ ಕಡೆ ಇದ್ದರೆ: ಇಷ್ಟಪಟ್ಟ ಮನೆಗೆ ಆಗಲೇ ಆಫರ್ ಆಗಿದೆ

ಪೂರ್ವ ದಿಕ್ಕಿನ ಬಾಗಿಲು, ಒಳ್ಳೆಯ ಶಾಲೆ, ಬಜೆಟ್ ಒಳಗಿನ ಬೆಲೆ. ಇಷ್ಟೆಲ್ಲ ಇದ್ದು ‘ಕಾಂಟಿಂಜೆಂಟ್’ ಅಂತ ಕಂಡರೆ ಆಸೆ ಬಿಡಬೇಡಿ, ಆಸೆ ಜಾಸ್ತಿ ಇಟ್ಟುಕೊಳ್ಳಲೂ ಬೇಡಿ. ‘ತೋರಿಸುತ್ತಿದ್ದಾರಾ, ಬ್ಯಾಕಪ್ ತೆಗೆದುಕೊಳ್ಳುತ್ತಾರಾ’ ಎಂದು ಏಜೆಂಟ್ ಕಡೆಯಿಂದ ಕೇಳಿಸಿ.

ಬ್ಯಾಕಪ್ ಆಫರ್ ಅಂದರೆ ರೈಲಿನ ವೇಟಿಂಗ್ ಲಿಸ್ಟ್ ಒಂದನೇ ನಂಬರ್ ಟಿಕೆಟ್. ಮೊದಲನೆಯವರು ಬಿಟ್ಟರೆ ತಾನಾಗೇ ನಿಮ್ಮದು. ಟೆಕ್ಸಾಸ್‌ನಲ್ಲಿ ಇದಕ್ಕೆ ರಾಜ್ಯದ್ದೇ ಸಿದ್ಧ ಅನುಬಂಧ ಇದೆ. ಬ್ಯಾಕಪ್ ಆಗಿರುವಾಗಲೇ ಅರ್ನೆಸ್ಟ್ ಮನಿ, ಆಪ್ಷನ್ ಫೀ ಕಟ್ಟಬೇಕು. ಅಷ್ಟರಲ್ಲಿ ಬೇರೆ ಮನೆ ಇಷ್ಟವಾದರೆ ಹೊರಬರುವುದು ಹೇಗೆ ಎಂದು ಸಹಿಗೆ ಮೊದಲೇ ಓದಿಕೊಳ್ಳಿ. ಎರಡು ಮನೆಗೆ ಸಿಕ್ಕಿಬೀಳುವುದು ದುಬಾರಿ ತಮಾಷೆ.

‘ಬ್ಯಾಕ್ ಆನ್ ಮಾರ್ಕೆಟ್’ ಅಂತ ಮರಳಿ ಬಂದ ಮನೆಯನ್ನು ಕಂಡರೆ ನಮ್ಮವರಲ್ಲಿ ಹಲವರು ‘ಏನೋ ದೋಷ ಇದೆ’ ಎಂದು ಮೂಗು ಮುರಿಯುತ್ತಾರೆ. ನನ್ನ ಪ್ರಕಾರ ಅದು ಸರಿಯಲ್ಲ. ಮೊದಲನೆಯವರ ಕೆಲಸ ಹೋಗಿರಬಹುದು, ಅವರ ಹಳೆ ಮನೆ ಮಾರದೆ ಉಳಿದಿರಬಹುದು. ಕಾರಣ ಕೇಳಿ, ಹಿಂದಿನ ಇನ್ಸ್‌ಪೆಕ್ಷನ್ ರಿಪೋರ್ಟ್ ಕೇಳಿ. ಟೆಕ್ಸಾಸ್‌ನ ಸೆಲ್ಲರ್ ಡಿಸ್‌ಕ್ಲೋಷರ್ ಫಾರಂನಲ್ಲಿ ಹಿಂದಿನ 4 ವರ್ಷಗಳ ರಿಪೋರ್ಟುಗಳ ಬಗ್ಗೆ ನೇರ ಪ್ರಶ್ನೆಯೇ ಇದೆ. ಇಂಥ ಮನೆಯಲ್ಲಿ ಚೌಕಾಸಿಗೆ ಜಾಗ ಹೆಚ್ಚು.

ಹಂತ 5: ಪೆಂಡಿಂಗ್ ಇರುವಾಗ ಲೋನ್ ಕೆಡಿಸಿಕೊಳ್ಳಬೇಡಿ

ಲೋನ್ ತೆಗೆದುಕೊಂಡರೆ ಆಫರ್‌ನಿಂದ ಕ್ಲೋಸಿಂಗ್‌ಗೆ ಸಾಮಾನ್ಯವಾಗಿ 30ರಿಂದ 45 ದಿನ. ಪೆಂಡಿಂಗ್ ಆದ ಮೇಲೆ ಸಾಮಾನ್ಯವಾಗಿ ಪರದೆಯ ಮೇಲೆ ಏನೂ ಬದಲಾಗುವುದಿಲ್ಲ. ಕೆಲಸವೆಲ್ಲ ಒಳಗೆ ನಡೆಯುತ್ತಿರುತ್ತದೆ.

ನಮ್ಮವರಿಗೆ ಹೆಚ್ಚು ತೊಡಕಾಗುವುದು ಊರಿಂದ ಬರುವ ದುಡ್ಡು. ಲೆಂಡರ್‌ಗಳು ಸಾಮಾನ್ಯವಾಗಿ ಹಿಂದಿನ 2 ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳುತ್ತಾರೆ. ಲೆಂಡರ್‌ಗಳಿಂದ ಲೋನ್‌ಗಳನ್ನು ಕೊಳ್ಳುವ ಫ್ಯಾನಿ ಮೇ ಸಂಸ್ಥೆಯ ನಿಯಮದಲ್ಲಿ, ನಿಮ್ಮ ತಿಂಗಳ ಆದಾಯದ ಅರ್ಧಕ್ಕಿಂತ ದೊಡ್ಡ ಒಂದೇ ಡೆಪಾಸಿಟ್ ಬಂದರೆ, ಅದನ್ನು ಮನೆಗೆ ಬಳಸುವುದಾದರೆ, ಅದರ ಮೂಲ ತೋರಿಸಬೇಕು. ಅಪ್ಪ ಅಮ್ಮ ಕಳಿಸಿದ್ದಾದರೆ ಗಿಫ್ಟ್ ಲೆಟರ್ (ಇದು ಸಾಲ ಅಲ್ಲ, ಉಡುಗೊರೆ ಎನ್ನುವ ಪತ್ರ) ಬೇಕು. ಅವರು ಭಾರತದಿಂದ ಒಂದು ಹಣಕಾಸು ವರ್ಷದಲ್ಲಿ ತಲಾ 2.5 ಲಕ್ಷ ಡಾಲರ್‌ವರೆಗೆ ಕಳಿಸಬಹುದು. 2025ರ ಏಪ್ರಿಲ್‌ನಿಂದ, ಈ ರೀತಿ ಕಳಿಸುವ ಮೊತ್ತ ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದರೆ ದಾಟಿದ ಭಾಗಕ್ಕೆ ಶೇ. 20 ಟಿಸಿಎಸ್ (ಬ್ಯಾಂಕ್ ಮುಂಚೆಯೇ ವಸೂಲು ಮಾಡುವ ತೆರಿಗೆ) ಹಿಡಿಯುತ್ತಾರೆ. ರಿಟರ್ನ್ ಹಾಕಿದಾಗ ಅದು ಲೆಕ್ಕಕ್ಕೆ ಬರುತ್ತದೆ, ಆದರೆ ಈಗ ಕೈಯಲ್ಲಿರಬೇಕಲ್ವಾ. ವರ್ಷಕ್ಕೆ 1 ಲಕ್ಷ ಡಾಲರ್‌ಗಿಂತ ಜಾಸ್ತಿ ಗಿಫ್ಟ್ ಬಂದರೆ ನೀವು ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್‌ಗೆ ಫಾರ್ಮ್ 3520 ಸಲ್ಲಿಸಬೇಕು. ಇದನ್ನೆಲ್ಲ ಆಫರ್‌ಗೆ ಮೊದಲೇ ಮುಗಿಸಿಕೊಂಡವರು ಜಾಣರು.

ಹೊಸ ಕಾರಿನ ಲೋನ್ ಬೇಡ, ಹೊಸ ಕ್ರೆಡಿಟ್ ಕಾರ್ಡ್ ಬೇಡ. ಕೆಲಸ ಬದಲಾಯಿಸುವುದಿದ್ದರೆ ಮೊದಲು ಲೆಂಡರ್‌ಗೆ ಹೇಳಿ. ಕ್ಲೋಸಿಂಗ್‌ಗೆ ಕೆಲವೇ ದಿನ ಇರುವಾಗ ಅವರು ನಿಮ್ಮ ಆಫೀಸಿಗೆ ಇನ್ನೊಮ್ಮೆ ಫೋನ್ ಮಾಡಿ ವಿಚಾರಿಸುತ್ತಾರೆ.

ಕ್ಲೋಸಿಂಗ್ ಡಿಸ್‌ಕ್ಲೋಷರ್ ಎನ್ನುವ, ಲೋನಿನ ಅಂತಿಮ ಲೆಕ್ಕದ ಕಾಗದ ಸಹಿಗೆ ಕನಿಷ್ಠ 3 ಬಿಸಿನೆಸ್ ದಿನ ಮೊದಲು ನಿಮ್ಮ ಕೈ ಸೇರಬೇಕು. ಈ ಲೆಕ್ಕದಲ್ಲಿ ಶನಿವಾರವೂ ಸೇರುತ್ತದೆ. ಎಪಿಆರ್ (ಫೀಗಳೂ ಸೇರಿದ ವಾರ್ಷಿಕ ಬಡ್ಡಿ ದರ) ಮಿತಿ ಮೀರಿ ಬದಲಾದರೆ ಅಥವಾ ಲೋನಿನ ಬಗೆಯೇ ಬದಲಾದರೆ 3 ದಿನ ಮತ್ತೆ ಶುರು. ಅದಕ್ಕೇ ಗೃಹಪ್ರವೇಶದ ಮುಹೂರ್ತವನ್ನು ಪೆಂಡಿಂಗ್ ಅಂತ ಕಂಡ ದಿನವೇ ಇಡಿಸಬೇಡಿ. ಲೆಂಡರ್ ‘ಕ್ಲಿಯರ್ ಟು ಕ್ಲೋಸ್’ (ಲೋನ್ ಪೂರ್ತಿ ಮಂಜೂರು) ಅಂದ ಮೇಲೆ ಪುರೋಹಿತರಿಗೆ ಫೋನ್ ಮಾಡಿ. ಆಷಾಢಕ್ಕೆ ಮೊದಲು ಮುಗಿಯಲಿ ಎಂದು ಸೆಲ್ಲರನ್ನು ಅವಸರಪಡಿಸಿ ಪ್ರಯೋಜನ ಇಲ್ಲ. ಅವರಿಗೆ ಆಷಾಢ ಗೊತ್ತಿಲ್ಲ.

ಇದೇ ಹೊತ್ತಿಗೆ ಬರುವ ಇನ್ನೊಂದು ಅಪಾಯ ವೈರ್ ವಂಚನೆ. ಮಾಲೀಕತ್ವದ ಕಾಗದ ಪರಿಶೀಲಿಸಿ ಕ್ಲೋಸಿಂಗ್ ಮಾಡಿಸುವ ಟೈಟಲ್ ಕಂಪನಿಯ ಹೆಸರಲ್ಲಿ ‘ಖಾತೆ ನಂಬರ್ ಬದಲಾಗಿದೆ’ ಎಂದು ನಕಲಿ ಇಮೇಲ್ ಬರುತ್ತದೆ. ನೋಡಲು ಥೇಟ್ ಅಸಲಿ. ದುಡ್ಡು ಕಳಿಸುವ ಮೊದಲು, ನಿಮಗೆ ಮೊದಲೇ ಗೊತ್ತಿದ್ದ ನಂಬರಿಗೆ ಫೋನ್ ಮಾಡಿ ಖಾತೆ ನಂಬರನ್ನು ಓದಿಸಿ ಕೇಳಿ. ಇಮೇಲ್‌ನಲ್ಲಿರುವ ನಂಬರಿಗೆ ಮಾಡಬೇಡಿ.

ಹಂತ 6: ಸೋಲ್ಡ್

ನೀವು ಸಹಿ ಹಾಕಿ ಬಂದ ದಿನವೇ ‘ಸೋಲ್ಡ್’ ಅಥವಾ ‘ಕ್ಲೋಸ್ಡ್’ ಎಂದು ಆಗಲಿಲ್ಲ ಅಂದರೆ ಗಾಬರಿ ಬೇಡ. ಕ್ಯಾಲಿಫೋರ್ನಿಯಾದಲ್ಲಿ ಕಾಗದಗಳಿಗೆ ಕೆಲ ದಿನ ಮೊದಲೇ ಸಹಿ ಮಾಡಿಸಿಕೊಂಡು, ಲೋನ್ ದುಡ್ಡು ಬಂದು, ಡೀಡ್ (ಕ್ರಯಪತ್ರ) ಕೌಂಟಿ ರೆಕಾರ್ಡರ್ ಕಚೇರಿಯಲ್ಲಿ ನೋಂದಣಿಯಾದ ಮೇಲೆ ಎಸ್ಕ್ರೋ (ದುಡ್ಡು, ಕಾಗದಗಳನ್ನು ಮೂರನೆಯವರು ಹಿಡಿದಿಟ್ಟುಕೊಳ್ಳುವ ವ್ಯವಸ್ಥೆ) ಮುಗಿಯುತ್ತದೆ. ಅಲ್ಲಿಯವರೆಗೆ ಪೆಂಡಿಂಗೇ.

ತಲೆಕೆಳಗೂ ಆಗುತ್ತದೆ. ಸೆಲ್ಲರ್‌ಗೆ ರೆಂಟ್ ಬ್ಯಾಕ್ (ಮಾರಿದ ಮೇಲೂ ಬಾಡಿಗೆಗೆ ಅಲ್ಲೇ ಇರುವ ಅವಕಾಶ) ಕೊಟ್ಟಿದ್ದರೆ ಸೋಲ್ಡ್ ಅಂತ ಬಂದ ಮೇಲೂ ಅವರೇ ಕೆಲ ವಾರ ಒಳಗಿರುತ್ತಾರೆ. ನೀವು ಸ್ವಂತ ವಾಸಕ್ಕೆಂದು ಲೋನ್ ತೆಗೆದುಕೊಂಡಿದ್ದರೆ ಸಾಮಾನ್ಯವಾಗಿ 60 ದಿನದೊಳಗೆ ನೀವು ಆ ಮನೆಗೆ ಹೋಗಬೇಕು. ಆದ್ದರಿಂದ ರೆಂಟ್ ಬ್ಯಾಕ್ ಅದಕ್ಕಿಂತ ಉದ್ದ ಇರದಂತೆ ನೋಡಿಕೊಳ್ಳಿ.

ಸೋಲ್ಡ್ ಪುಟದಲ್ಲಿ ಬೆಲೆ ಕಾಣದಿದ್ದರೆ ಅದೂ ತಪ್ಪಲ್ಲ. ಟೆಕ್ಸಾಸ್‌ನಲ್ಲಿ ಮಾರಾಟದ ಬೆಲೆಯನ್ನು ಬಹಿರಂಗ ಮಾಡಬೇಕೆಂಬ ಕಾನೂನು ಇಲ್ಲ. ಏಜೆಂಟರಿಗೆ ಎಂಎಲ್‌ಎಸ್‌ನಲ್ಲಿ ಕಾಣುತ್ತದೆ, ಸಾರ್ವಜನಿಕರಿಗೆ ಸಾಮಾನ್ಯವಾಗಿ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ನೀವು ಕೊಟ್ಟ ಬೆಲೆ ಎಷ್ಟೆಂದು ಪಕ್ಕದ ಮನೆಯವರಿಗೂ ದಾವಣಗೆರೆಯ ಸೋದರಮಾವನಿಗೂ ಗೊತ್ತಾಗುತ್ತದೆ.

ಕೀ ಕೈಗೆ ಬಂದ ಮೇಲೆ ಒಂದು ಸಣ್ಣ ಕೆಲಸ ಉಳಿಯುತ್ತದೆ. ಮನೆಯ ಒಳಗಿನ ಫೋಟೋಗಳು, ಯಾವ ಕೋಣೆಗೆ ಯಾವ ಬಾಗಿಲು ಎನ್ನುವುದು ಸಮೇತ, ವೆಬ್‌ಸೈಟ್‌ಗಳಲ್ಲಿ ಹಾಗೇ ಉಳಿದಿರಬಹುದು. ಝಿಲ್ಲೋದಲ್ಲಿ ಮಾಲೀಕರೆಂದು ಮನೆಯನ್ನು ಕ್ಲೇಮ್ ಮಾಡಿಕೊಂಡು ಅವನ್ನು ತೆಗೆಸಬಹುದು. ಉಳಿದ ವೆಬ್‌ಸೈಟ್‌ಗಳಲ್ಲೂ ಒಂದೊಂದಾಗಿ ಕೇಳಿ. ನಿಮ್ಮ ಏಜೆಂಟ್ ಇನ್ನೂ ಫೋನ್ ಎತ್ತುತ್ತಿರುವಾಗಲೇ, ಎಂಎಲ್‌ಎಸ್‌ನಲ್ಲೂ ಫೋಟೋ ಕಡಿಮೆ ಮಾಡಿಸಲು ಆಗುತ್ತದಾ ಎಂದು ಅವರನ್ನೇ ಕೇಳಿ ನೋಡಿ.